ಒಂಟಿಮನೆ ಬೀದಿಯ ಕಲ್ಲು

ಸುದ್ದಿ ಬಂದು ಗೇಟಿನ ಹೊರಗೆ ನಿಂತಾಗ ಶ್ರೀರಾಮಪ್ಪ ದೇವರ ಮುಂದೆ ಕೂತಿದ್ದ. ಸ್ನಾನ ಮುಗಿಸಿ, ನಾಮವಿಟ್ಟುಕೊಂಡು, ರಾಮನ ಪಟಕ್ಕೆ ತುಳಸಿ ಏರಿಸುತ್ತಿದ್ದವನಿಗೆ ಕಿಟಕಿಯ ಸರಳುಗಳ ಸಂದಿನಿಂದ ಆ ಮನುಷ್ಯ ಕಂಡ. ತಲೆಗೆ ಸುತ್ತಿದ್ದ ಟವಲನ್ನು ಬಿಚ್ಚಿ ಎರಡು ಕೈಯಲ್ಲೂ ಹಿಡಿದುಕೊಂಡು, ಗೇಟಿನ ಚಿಲಕ ಮುಟ್ಟದೆ, ಒಳಗೆ ನೋಡುತ್ತ ನಿಂತಿದ್ದ. ಮೈದಾನದಾಚೆಯ ಕೂಲಿಮನೆಗಳ ಸಾಲು, ಹುಣಸೆ ಲೈನಿನ ಗಣಿಕೂಲಿ ಎಂದು ನೋಡಿದರೇ ತಿಳಿಯುತ್ತಿತ್ತು. ಮೈದಾನದ ವಿಷಯಕ್ಕೆ ಬಂದಿರಬೇಕು ಎಂದುಕೊಂಡ ಶ್ರೀರಾಮಪ್ಪ. ಅಲ್ಲಿ ನಮಗೆ ಹೊಸ ಮನೆ ಕಟ್ಟಲು ಬಿಡಿ ಸ್ವಾಮಿ ಎಂದು ಹಿಂದೆಯೂ ಒಬ್ಬಿಬ್ಬರು ಬಂದು ಹೀಗೆ ನಿಂತಿದ್ದರು. ಆದರೆ ಹಾಗೆಂದುಕೊಳ್ಳುವಾಗಲೇ ಅದು ತನಗೆ ತಾನೇ ಹೇಳಿಕೊಂಡ ಸುಳ್ಳೆಂದು ಅವನಿಗೆ ಗೊತ್ತಿತ್ತು. ಬೇಡಲು ಬಂದವನು ಒಳಗಿನವರ ಕಣ್ಣು ಸೆಳೆಯಲು ಕೆಮ್ಮುತ್ತಾನೆ, ಸ್ವಾಮಿ ಎಂದು ಕೂಗುತ್ತಾನೆ. ಈತ ಕೂಗಲಿಲ್ಲ. ಒಳಗಿನವರು ನೋಡದೆ ಇದ್ದರೆ ಸಾಕು ಎನ್ನುವವನ ಹಾಗೆ ನಿಂತಿದ್ದ. ಸ್ವಲ್ಪ ಹೊತ್ತಿನ ಮುಂಚೆ ನೆಲ ಒಮ್ಮೆ ಗುದ್ದಿ, ಅಡಿಗೆಮನೆಯ ಹಲಗೆಯ ಮೇಲಿದ್ದ ಚೊಂಬು ಉರುಳಿತ್ತು. ಗಣಿಯೂರಿನಲ್ಲಿ ಇದು ಹೊಸದಲ್ಲ. ಪಾತಾಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಮನೆಗಳು ಒಮ್ಮೆ ಮೈ ಕೊಡವಿ ಸುಮ್ಮನಾಗುತ್ತವೆ. "ಯಾವ ತಾಯಿ ಮಗ ಒಳಗಿದ್ನೋ" ಎಂದು ಅಕ್ಕ ಅಮ್ಮಾಜಮ್ಮ ಒಲೆಯ ಮುಂದಿನಿಂದಲೇ ಹೇಳಿ, ಚೊಂಬು ಎತ್ತಿಟ್ಟಿದ್ದಳು. ಶ್ರೀರಾಮಪ್ಪ ತುಳಸಿಯ ಒಂದೊಂದೇ ದಳ ಬಿಡಿಸಿ ಏರಿಸಿದ. ದಿನಾ ಹೇಳದ ನಾಮಗಳನ್ನೂ ಅಂದು ಹೇಳಿದ. ಮಂಗಳಾರತಿ ತಟ್ಟೆಯಲ್ಲಿ ಕರ್ಪೂರ ಉರಿದು ಕರಿ ಉಳಿಯುವವರೆಗೂ ನೋಡುತ್ತ ಕೂತ. ಎದ್ದು ಹೊರಗೆ ಹೋದರೆ ಆ ಮನುಷ್ಯ ಬಾಯಿ ತೆರೆಯುತ್ತಾನೆ. ತೆರೆಯುವವರೆಗೆ ಏನೂ ಆಗಿಲ್ಲ.

"ಏನಪ್ಪ?"

"ನಾನು ಕುಪ್ಪುಸ್ವಾಮಿ, ಸಾಮಿ. ಆರುಮುಗಂಗೆ ಚಿತ್ತಪ್ಪ ಆಗ್ಬೇಕು."

ಮಗಳ ಗಂಡನ ಆ ಹೆಸರು ಈ ಅಂಗಳದಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಶ್ರೀರಾಮಪ್ಪ ಆಚೀಚೆ ಮನೆಗಳ ಕಡೆ ನೋಡಿದ.

"ಕನಕಾ ಓಗ್ಬಿಟ್ಲು ಸಾಮಿ. ಒಲೆ ಮುಂದೆ ಕೂತಿದ್ಲು. ಗೋಡೆ ಮೈಮೇಲೆ ಬಿದ್ಬಿಡ್ತು." ಟವಲನ್ನು ಹಿಂಡಿದ. "ಆರುಮುಗಂ ಒಳಗಿದ್ದ, ಬೆಳಗಿನ ಶಿಫ್ಟು. ಪಾತಾಳಕ್ಕಿಳಿದೋನ್ಗೆ ಒಂದು ಗೀರೂ ಆಗ್ಲಿಲ್ಲ, ಮೇಲಿದ್ದೋಳು ಓಗ್ಬಿಟ್ಲು. ಈಗ ಮೇಲಕ್ಕೆ ಕರೆತಂದವ್ರೆ."

ಶ್ರೀರಾಮಪ್ಪ ಗೇಟಿನ ಕಂಬಿ ಹಿಡಿದುಕೊಂಡ. ಕಂಬಿಗೆ ಹೋದ ತಿಂಗಳು ಬಳಿಸಿದ್ದ ಹಸಿರು ಬಣ್ಣ ಒಂದು ಕಡೆ ಗುಳ್ಳೆ ಎದ್ದಿತ್ತು. ಅದನ್ನು ಉಗುರಿನಿಂದ ಒತ್ತಿದ.

"ಲೈನ್ನಾಗೆ ಯಾರ್ಗೂ ಗೊತ್ತಿಲ್ಲ ಸಾಮಿ, ನೀವ್ಯಾರು ಅಂತ. ಅವ್ನು ನಂಗೊಬ್ಬನ್ಗೇ ಯೋಳಿರೋದು" ಎಂದ ಕುಪ್ಪುಸ್ವಾಮಿ ದನಿ ತಗ್ಗಿಸಿ. "ನೀವು ಬರ್ಬೋದು. ಬಂದ್ರೂ ಯಾರ್ಗೂ ತಿಳಿಯಾಕಿಲ್ಲ."

ಸಾವಿನ ಮನೆಯಿಂದ ಬಂದವನು ತನ್ನ ಮಾನಕ್ಕೆ ಕಾವಲು ನಿಂತು ಮಾತಾಡುತ್ತಿದ್ದಾನೆ ಎಂದು ಶ್ರೀರಾಮಪ್ಪನಿಗೆ ಅರ್ಥವಾಗುವುದರೊಳಗೆ ಆತ ಟವಲನ್ನು ತಲೆಗೆ ಸುತ್ತಿಕೊಂಡು ತಿರುಗಿ ನಡೆದಿದ್ದ. ಪಕ್ಕದ ಮನೆಯ ಶ್ರೀನಿವಾಸಪ್ಪ ಅಡ್ಡಪಂಚೆಯಲ್ಲೇ ಬಂದ. ಹೆಡ್‌ಗುಮಾಸ್ತನಾಗಿ ನಿವೃತ್ತನಾದವನು. ಹೊಸ ಮನೆಗಳ ವಿರುದ್ಧ ಬೀದಿಯನ್ನೆಲ್ಲ ಎಬ್ಬಿಸಿ ನಿಲ್ಲಿಸಿದವನೂ ಅವನೇ.

"ಯಾರ್ರೀ ಅವನು?"

"ಕೆಲಸ ಕೇಳಿಕೊಂಡು ಬಂದಿದ್ದ" ಎಂದ ಶ್ರೀರಾಮಪ್ಪ. ತನ್ನ ದನಿ ಎಂದಿನಂತೆಯೇ ಇದ್ದುದನ್ನು ಕೇಳಿ ಅವನಿಗೇ ಭಯವಾಯಿತು.

"ಹುಣಸೆ ಲೈನಲ್ಲಿ ಗೋಡೆ ಬಿದ್ದಿವೆಯಂತೆ. ಯಾವಳೋ ಒಬ್ಬಳು ಹೋದಳಂತೆ, ಪಾಪ. ಇದನ್ನೇ ಹಿಡ್ಕೊಂಡು ಮನೆ ಕಟ್ಸೋ ಆಫೀಸರು ಇವತ್ತೇ ಬರ್ತಾನೆ, ನೋಡ್ತಿರಿ. ಮೈದಾನದಲ್ಲಿ ಪೂಜೆ ನಡೀತಿರಬೇಕು. ನೀವೇ ಕೂರಬೇಕು ಶ್ರೀರಾಮಪ್ಪನೋರೆ. ನಿಮ್ಮ ಮುಖ ನೋಡಿದ್ರೆ ಯಾವನಿಗೂ ಅನುಮಾನ ಬರೋದಿಲ್ಲ."

"ಬರ್ತೀನಿ" ಎಂದ. ಯಾವ ಕಡೆಗೆ ಎಂದು ಹೇಳಲಿಲ್ಲ. ಅಂಗಿ ಹಾಕಿಕೊಂಡು, ಅಕ್ಕನಿಗೂ ಹೇಳದೆ, ಮೈದಾನದ ಅಂಚು ಹಿಡಿದು ಲೈನಿನ ಕಡೆಗೆ ನಡೆದ.

ಒಂಟಿಮನೆ ಬೀದಿಗೆ ಆ ಹೆಸರು ಬಂದದ್ದು ಅಲ್ಲಿ ಮನೆಗೆ ಮನೆ ತಾಗುವುದಿಲ್ಲವೆಂದು. ಒಂದೊಂದಕ್ಕೂ ಅದರದೇ ಕಾಂಪೌಂಡು, ಬಾವಿ, ತೆಂಗಿನ ಮರ. ಗಣಿಯ ಉಗ್ರಾಣದಲ್ಲಿ ಆಯುಷ್ಯವೆಲ್ಲ ಮೊಳೆ, ತಂತಿ, ಹಗ್ಗ ಎಣಿಸಿ ಕೊಟ್ಟ ಶ್ರೀರಾಮಪ್ಪ ಬಂಗಾರಪೇಟೆಯ ಮನೆ ಮಾರಿ ಇಲ್ಲಿಗೆ ಬಂದದ್ದು ಕೊನೆಗಾಲದಲ್ಲಿ ಸದ್ದಿಲ್ಲದೆ ರಾಮಭಜನೆ ಮಾಡಿಕೊಂಡಿರಬೇಕೆಂದು. ಮಾರಿಕುಪ್ಪಂ ಸ್ಟೇಷನ್ನಿಗೆ ಹತ್ತಿರ, ಅದಿರಿನ ದೂಳಿಗೆ ದೂರ. ಮಗಳು ಯಾವ ಲೈನಿನಲ್ಲಿದ್ದಾಳೆಂದು ಅವನು ಕೇಳಿರಲಿಲ್ಲ. ತಮಿಳು ಸೀಮೆಯ ಗಣಿಕೂಲಿಯ ಹಿಂದೆ ಹೋದವಳನ್ನು ಕೇಳುವುದೇನು. ಗೃಹಪ್ರವೇಶವಾದ ಮೇಲೆ ಒಂದು ದಿನ, ಮೈದಾನದಾಚೆಯ ಬೀದಿಯ ನೀರಿನ ನಲ್ಲಿಯ ಹತ್ತಿರ, ಕೊಡ ಸೊಂಟಕ್ಕಿಟ್ಟುಕೊಂಡು ಯಾರ ಜೊತೆಗೋ ನಗುತ್ತ ನಿಂತವಳನ್ನು ಕಂಡು ಅವನು ತಿರುಗಿ ಬಂದಿದ್ದ. ಬೀದಿಯವರು ಮಕ್ಕಳೆಷ್ಟು ಎಂದು ಕೇಳಿದಾಗ ಇಲ್ಲ ಎಂದಿದ್ದ. ಒಮ್ಮೆ ಹೇಳಿದ ಮೇಲೆ ಅದು ಹಾಗೆಯೇ ಉಳಿಯಿತು. ಗಣಿ ಸರ್ಕಾರದ ಕೈಗೆ ಬಂದು, ತಟ್ಟಿಗೋಡೆ ಮಣ್ಣುಗೋಡೆಯ ಲೈನುಗಳನ್ನು ತೆಗೆದು ಮೂರಂತಸ್ತಿನ ಮನೆಗಳನ್ನು ಕಟ್ಟುತ್ತಾರಂತೆ, ಅದೂ ಈ ಮೈದಾನದಲ್ಲೇ ಅಂತೆ ಎಂದು ಸುದ್ದಿ ಹಬ್ಬಿದಾಗ ಬೀದಿಯೆಲ್ಲ ಶ್ರೀನಿವಾಸಪ್ಪನ ಜಗಲಿಯಲ್ಲಿ ಸೇರಿತ್ತು. ಇಷ್ಟು ಜನ ಒಟ್ಟಿಗೆ ಬಂದರೆ ಬಾವಿ ಬತ್ತುತ್ತವೆ, ಚರಂಡಿ ನಮ್ಮ ಬಾಗಿಲಿಗೆ ಹರಿಯುತ್ತದೆ, ಮೂರನೇ ಅಂತಸ್ತಿನಲ್ಲಿ ನಿಂತವನಿಗೆ ನಮ್ಮ ಹೆಣ್ಣುಮಕ್ಕಳು ಹಿತ್ತಲಲ್ಲಿ ಮೀಯುವುದು ಕಾಣುತ್ತದೆ, ಹೆಂಡದಂಗಡಿ ಹಿಂದೆಯೇ ಬರುತ್ತದೆ. ಎಲ್ಲರೂ ಹೇಳಿದ್ದೆಲ್ಲವೂ ಸ್ವಲ್ಪ ಸ್ವಲ್ಪ ನಿಜವೇ ಆಗಿತ್ತು. ಶ್ರೀರಾಮಪ್ಪ ಬಾವಿಯ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಆಡಿದ್ದ. ಆಡುವಾಗ ಅವನ ಕಣ್ಣ ಮುಂದೆ ಬಾವಿ ಇರಲಿಲ್ಲ. ಮೂರನೇ ಅಂತಸ್ತಿನ ಕಂಬಿಗೆ ಗಂಡನ ಗಣಿಬಟ್ಟೆ ಒಣಹಾಕುತ್ತ, ಕೆಳಗೆ ಹೂ ಕೊಯ್ಯುವ ತನ್ನ ಕಡೆ ನೋಡಿ, ದಿನಾ ನೋಡಿ, ಒಂದು ದಿನ ತಡೆಯಲಾರದೆ ಅಪ್ಪಾ ಎಂದು ಕೂಗಿಬಿಡುವ ಕನಕ ಇದ್ದಳು.

ಕಲ್ಲಿನ ಯೋಚನೆ ಶ್ರೀನಿವಾಸಪ್ಪನದು. ಅರ್ಜಿಗೆ ಆಫೀಸರು ಬಗ್ಗದಿದ್ದರೆ ಮುನೇಶ್ವರನಿಗೆ ಬಗ್ಗುತ್ತಾನೆ ಎಂದ. ಈ ಸೀಮೆಯ ಜನರ ಬಾಯಲ್ಲಿ ಆ ದೇವರು ಮುನಿಯಪ್ಪ, ಮನೆಮನೆಗೆ ಅವನ ಹೆಸರಿನವನೊಬ್ಬ. ಮರದ ಬುಡದಲ್ಲಿ ಮೂರು ಕಲ್ಲು ನಿಂತು ಅರಿಶಿನ ಕುಂಕುಮ ಕಂಡರೆ ಸಾಕು, ಅಲ್ಲಿಗೆ ಹಾರೆ ಹಾಕುವ ಕೂಲಿ ಕೋಲಾರದಲ್ಲೂ ಸಿಕ್ಕುವುದಿಲ್ಲ, ಗಡಿಯಾಚೆಯ ಕುಪ್ಪಂನಲ್ಲೂ ಸಿಕ್ಕುವುದಿಲ್ಲ. ಎರಡು ಕಲ್ಲು ಮೈದಾನದಲ್ಲೇ ಸಿಕ್ಕಿದವು. ನಡುವಿನದಕ್ಕೆ ಒಂದು ಆಳೆತ್ತರದ್ದಲ್ಲದಿದ್ದರೂ ಮೊಳದೆತ್ತರದ್ದು, ನಯವಾದದ್ದು ಬೇಕಾಗಿತ್ತು. ಶ್ರೀರಾಮಪ್ಪನ ಹಿತ್ತಲಲ್ಲಿ, ಸಿಮೆಂಟಿನ ತೊಟ್ಟಿ ಕಟ್ಟಿಸಿದ ಮೇಲೆ ಕೆಲಸವಿಲ್ಲದೆ ಗೋಡೆಗೊರಗಿದ್ದ ಬಟ್ಟೆ ಒಗೆಯುವ ಕಲ್ಲು ಇತ್ತು. ಬಂಗಾರಪೇಟೆಯಿಂದ ಸಾಮಾನಿನ ಜೊತೆ ಬಂದದ್ದು. ಜನ ಏಳುವ ಮುಂಚೆ ಇಬ್ಬರೂ ಸೇರಿ ಗೋಣಿಯಲ್ಲಿ ಸುತ್ತಿ ಹೊತ್ತೊಯ್ದು, ಬೇವಿನ ಮರದ ಬುಡದಲ್ಲಿ ಅರ್ಧ ಹೂತು ನಿಲ್ಲಿಸಿದರು. ಅರಿಶಿನ ಬಳಿದವನು ಶ್ರೀರಾಮಪ್ಪ. ಬಳಿಯುವಾಗ ರಾಮಾ ಕ್ಷಮಿಸು ಎಂದ, ಕ್ಷಮಿಸುತ್ತಾನೆಂದು ನಂಬಿದ. ಆದರೆ ಆಮೇಲಾದದ್ದನ್ನು ಇಬ್ಬರೂ ಎಣಿಸಿರಲಿಲ್ಲ. ಕಂಟ್ರಾಕ್ಟರನ ಕೂಲಿಗಳು ಹಾರೆ ಕೆಳಗಿಟ್ಟು ಕೈಮುಗಿದು ಹೋದದ್ದಷ್ಟೇ ಅಲ್ಲ, ಆ ಮನೆಗಳಿಗೆ ಬರಬೇಕಾಗಿದ್ದ ಹುಣಸೆ ಲೈನಿನ ಹೆಂಗಸರೇ ಎಣ್ಣೆ ಬತ್ತಿ ತಂದು ಹಚ್ಚತೊಡಗಿದರು. ಮುನಿಯಪ್ಪ ನಿಂತ ಜಾಗ, ಅವನ ಅಪ್ಪಣೆಯಿಲ್ಲದೆ ನಮಗೆ ಮನೆ ಬೇಡ ಎಂದರು. ಶುಕ್ರವಾರಗಳಂದು ಅವರ ಸಂಗಡ ಕನಕಳೂ ಬರುತ್ತಿದ್ದಳು. ಶ್ರೀರಾಮಪ್ಪ ಕಿಟಕಿಯ ಒಂದು ಬಾಗಿಲು ಮಾತ್ರ ತೆರೆದು ನೋಡುತ್ತಿದ್ದ. ಎಲ್ಲರೂ ಹೋದ ಮೇಲೂ ಅವಳು ಉಳಿಯುತ್ತಿದ್ದಳು. ದೀಪ ಹಚ್ಚಿ, ಕುಂಕುಮವಿಟ್ಟು, ಕಲ್ಲಿನ ನೆತ್ತಿಯ ಮೇಲೆ ಒಂದು ಕಡೆ ಬೆರಳಿಟ್ಟು ಮೆಲ್ಲಗೆ ಸುತ್ತುತ್ತ ಕೂರುತ್ತಿದ್ದಳು. ಮನೆ ಕೊಡಪ್ಪ ಎಂದು ಬೇಡುತ್ತಿದ್ದಾಳೆ, ಕೊಡಬೇಡವೆಂದು ನಿಲ್ಲಿಸಿದ ಕಲ್ಲನ್ನೇ ಬೇಡುತ್ತಿದ್ದಾಳೆ ಎಂದುಕೊಂಡು ಅವನು ಕಿಟಕಿ ಮುಚ್ಚುತ್ತಿದ್ದ. ಮುಚ್ಚಿ ಭಜನೆಗೆ ಹೋಗುತ್ತಿದ್ದ.

ಲೈನಿನ ಬಾಗಿಲುಗಳು ಅವನ ಎದೆಯೆತ್ತರಕ್ಕಿದ್ದವು. ಸಾಲಿನ ಕೊನೆಯಲ್ಲಿ ಮಣ್ಣು ಕುಸಿದು ಒಳಗಿನದೆಲ್ಲ ಬೀದಿಗೆ ಕಾಣುತ್ತಿತ್ತು. ಮೊಳೆಗೆ ನೇತುಹಾಕಿದ್ದ ಚೀಲ, ಒಂದು ಕನ್ನಡಿ, ಒಲೆಯ ಮೇಲೆ ಬಾಯಿ ತೆರೆದ ಪಾತ್ರೆ. ಅವಳನ್ನು ಹೊರಗೆ ಚಾಪೆಯ ಮೇಲೆ ಮಲಗಿಸಿ, ಕತ್ತಿನವರೆಗೆ ಹಳೆಯ ಸೀರೆ ಹೊದೆಸಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ. ಕೂದಲಲ್ಲಿ ಮಣ್ಣು ಇತ್ತು. ಚಿಕ್ಕವಳಿದ್ದಾಗ ತಲೆ ಬಾಚಿಸಿಕೊಳ್ಳದೆ ಓಡಿಹೋಗುತ್ತಿದ್ದಳು, ತಾಯಿಯಿಲ್ಲದ ಮಗುವೆಂದು ಅಕ್ಕ ಹಿಂದೆ ಓಡುತ್ತಿದ್ದಳು. ಈ ಮಣ್ಣನ್ನು ಯಾರಾದರೂ ತೆಗೆಯಬಾರದೇ ಎಂದು ಅವನಿಗೆ ಬಹಳ ಕೋಪ ಬಂತು. ತೆಗೆಯಲು ತಾನೇ ಬಗ್ಗಬಹುದೆಂದು ಹೊಳೆಯಲಿಲ್ಲ. ಯಾರೋ ಒಂದು ಮುಕ್ಕಾಲಿ ತಂದಿಟ್ಟು, ಮೇಲಿನ ದೂಳನ್ನು ಸೆರಗಿನಿಂದ ಒರೆಸಿದರು.

"ಒಂಟಿಮನೆ ಬೀದಿ ಯಜಮಾನ್ರು ಬಂದವ್ರೆ" ಎಂದಿತು ಒಂದು ಹೆಣ್ಣುದನಿ. "ನಮ್ಮ ಸಾವ್ಗೂ ಬಂದ್ರಲ್ಲ, ದೊಡ್ ಮನ್ಸು."

"ಬದ್ಕಿದ್ದಾಗ ಬಂದಿದ್ರೆ ಇನ್ನೂ ದೊಡ್ದಾಗಿರೋದು" ಎಂದಿತು ಇನ್ನೊಂದು, ಕೇಳಲೆಂದೇ.

"ಸುಮ್ಕಿರೇ. ದೇವ್ರಂಥ ಮನುಷ್ಯ, ಭಜನೆ ಸಾಮಿ." ಇದು ಮುನಿಗಂಗಮ್ಮ. ಬೇವಿನ ಮರದ ಕಲ್ಲುಗಳ ಸುತ್ತ ಗುಡಿಸಿ, ದಿನಾ ಸಂಜೆ ಸಾಂಬ್ರಾಣಿ ಹಾಕುವ ಮುದುಕಿ. ಅವಳ ಗೋಡೆಯೂ ಬಿದ್ದಿತ್ತು. ಮೊಣಕೈಗೆ ಸುಣ್ಣ ಅರಿಶಿನದ ಪಟ್ಟು ಹಾಕಿಕೊಂಡಿದ್ದಳು. "ಸಾಮಿ, ಇನ್ನೂ ಎತ್ತಾಕಾಗಿಲ್ಲ. ತವರಿನ ಸೀರೆ ಬರ್ಬೇಕು. ಮುತ್ತೈದೆ ಅಲ್ವಾ, ತವರಿನ ಸೀರೆ ಉಡಿಸ್ದೆ ಎಂಗೆ ಎತ್ತಾದು? ಅವ್ರಪ್ಪ ಬಂಗಾರಪೇಟೆ ಕಡೆ ಅಳ್ಳಿಯೋರಂತೆ. ಬೇಸಾಯಗಾರ್ರು. ಬಲು ಒಳ್ಳೇರು ಅಂತಿದ್ಲು. ಕಾಲ್ನೋವು, ನಡೆಯಾಕಾಗಲ್ಲ, ಅದ್ಕೇ ನನ್ನ ನೋಡಾಕೆ ಬರಲ್ಲ ಅಂತಿದ್ಲು. ಮಧ್ಯಾಹ್ನದ ರೈಲ್ಗೆ ಬತ್ತಾರೋ ಏನೋ."

ಆರುಮುಗಂ ಗೋಡೆಯಿಲ್ಲದ ಮನೆಯ ಹೊಸಿಲ ಮೇಲೆ ಕೂತಿದ್ದ. ಮೈಮೇಲೆ ಇನ್ನೂ ಪಾತಾಳದ ಕೆಸರಿತ್ತು. ಅವನು ತಲೆಯೆತ್ತಿ ಶ್ರೀರಾಮಪ್ಪನನ್ನು ನೋಡಿದ. ಗುರುತು ತೋರಿಸಲಿಲ್ಲ, ಕೋಪವನ್ನೂ ತೋರಿಸಲಿಲ್ಲ. ಮತ್ತೆ ನೆಲ ನೋಡತೊಡಗಿದ. ರೈಲಿನಿಂದ ಇಳಿಯುವ ಒಬ್ಬ ಕುಂಟು ಅಪ್ಪನಿಗಾಗಿ ಈ ಬೀದಿಯೆಲ್ಲ ಕಾಯುತ್ತಿದೆ. ಅವನು ಬರುವುದಿಲ್ಲ. ಶ್ರೀರಾಮಪ್ಪ ಮುಕ್ಕಾಲಿಯಿಂದ ಎದ್ದ. ನಾನೇ ಎನ್ನಬೇಕೆಂದು ನಾಲಿಗೆ ತಿರುಗಿತು. ಸುತ್ತಲಿನ ಮುಖಗಳನ್ನು ನೋಡಿದ. "ಬರ್ತೀನಮ್ಮ" ಎಂದ.

ಮನೆಯಲ್ಲಿ ಅಮ್ಮಾಜಮ್ಮ ಒಲೆ ಆರಿಸಿ, ನಡುಮನೆಯ ಕಂಬಕ್ಕೊರಗಿ ಕೂತಿದ್ದಳು. ತೊಡೆಯ ಮೇಲೆ ಮಡಿಕೆ ಬಿಚ್ಚದ ಹಸಿರು ಸೀರೆ, ಮೇಲೆ ಅರಿಶಿನ ಕುಂಕುಮದ ಪೊಟ್ಟಣ. ಗೇಟಿನ ಹತ್ತಿರದ ಮಾತು ಅವಳಿಗೆ ಕೇಳಿಸಿತ್ತು.

"ಓಗಿ ಬಂದ್ಯಾ?"

"ಬಂದೆ."

"ನೀನು ಕಾಯ್ಸಿದ್ಯಲ್ಲೋ ಆ ಮನುಷ್ಯನ್ನ. ಗಂಟೆ ಬಾರಿಸ್ತಾ ಕೂತಿದ್ಯಲ್ಲೋ." ಕಣ್ಣು ಒಣಗಿದ್ದವು. "ತಕೋ. ಗೌರಿಹಬ್ಬಕ್ಕೆ ಅಂತ ಅವ್ಳಿಗೆ ತಂದಿಟ್ಟಿದ್ದೆ. ಯಾವ ಹಬ್ಬಕ್ಕೂ ನೀನು ಕೊಡಾಕೆ ಬಿಡ್ಲಿಲ್ಲ. ಈಗ ಕೊಡು."

ಅವನು ಸೀರೆ ತೆಗೆದುಕೊಂಡ. ಪೆಟ್ಟಿಗೆಯೊಳಗಿನ ಕರ್ಪೂರದ ವಾಸನೆ ಬರುತ್ತಿತ್ತು.

"ಆ ಕಲ್ಲು ಯಾವ್ದು ಅಂತ ಅವ್ಳಿಗೆ ಗೊತ್ತಿತ್ತು ಕಣ್ಲಾ ರಾಮ."

"ಯಾವ ಕಲ್ಲು?"

"ಏನೂ ತಿಳೀದೋನಂಗೆ ಕೇಳ್ಬ್ಯಾಡ. ಬಂಗಾರಪೇಟೆ ಮನೆ ಹಿತ್ಲಾಗೆ ಅದ್ರ ಮೇಲೆ ಸೀಗೇಕಾಯಿ ಕುಟ್ಟಿ ಕುಟ್ಟಿ ಗುಳಿ ಮಾಡಿದೋಳೇ ಅವ್ಳು. ಅರಿಶಿನ ಬಳಿದ್ಬಿಟ್ರೆ ಗುಳಿ ಮುಚ್ಕೊಂಡ್ಬಿಡ್ತದಾ? ಮೊದಲ್ನೇ ಶುಕ್ರವಾರವೇ ಬೆರಳಿಟ್ಟು ನೋಡವ್ಳೆ. ನಲ್ಲಿ ತಾವ ಸಿಕ್ಕಿ, 'ಅತ್ತೇ, ಅಪ್ಪ ನಮ್ಮ ಒಗೆಯೋ ಕಲ್ನ ದೇವ್ರು ಮಾಡವ್ರೆ' ಅಂತ ನಕ್ಳು."

"ನಕ್ಕಳಾ?"

"ಇನ್ನೇನು ಮಾಡ್ತಾಳೆ. ನಾನೇ ಅಂದೆ, ಬಾಯ್ಬಿಡೇ ತಾಯಿ, ನಿಮ್ಮೋರ್ಗೆಲ್ಲ ಯೋಳು, ಒಂದೇ ವರ್ಸಕ್ಕೆ ಮನೆ ಎದ್ಬಿಡ್ತವೆ ಅಂತ. 'ಬ್ಯಾಡತ್ತೆ. ಜನ ಅಪ್ಪನ್ನ ಉಗೀತಾರೆ. ಈ ವಯಸ್ನಾಗೆ ಎಲ್ಲಿಗೋಗ್ತಾರೆ ಅವ್ರು' ಅಂದ್ಲು."

ಶ್ರೀರಾಮಪ್ಪ ಕೂರಲು ಹೋಗಿ ಕೂರಲಿಲ್ಲ. "ಮತ್ತೆ ದೀಪ ಯಾಕೆ ಹಚ್ತಿದ್ಲಕ್ಕ, ಗೊತ್ತಿದ್ದೂ?"

"ತವರು ಅಂತ ಅವ್ಳು ಮುಟ್ಟಾಕೆ ಅದೊಂದೇ ಇದ್ದಿದ್ದು, ಅದ್ಕೆ" ಎಂದಳು ಅಮ್ಮಾಜಮ್ಮ. ಅಷ್ಟು ಹೇಳಿದ ಮೇಲೆ ಅವಳಿಗೆ ಅಳು ಬಂತು.

ಅವನು ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದಾಗ ಬಿಸಿಲು ಏರಿತ್ತು. ಚಪ್ಪಲಿ ಹಾಕಿಕೊಂಡಿರಲಿಲ್ಲ. ಒಂದು ಮಾತು ಸಾಕಾಗಿತ್ತು. ನಲ್ಲಿಯ ಹತ್ತಿರ ಯಾವಳಾದರೂ ಒಬ್ಬಳ ಕಿವಿಯಲ್ಲಿ ಅವಳು ಒಂದು ಮಾತು ಹೇಳಿದ್ದರೆ ಸಂಜೆಯೊಳಗೆ ಲೈನೆಲ್ಲ ಬಂದು ಕಲ್ಲು ಕಿತ್ತು ಅವನ ಗೇಟಿಗೆ ಎಸೆಯುತ್ತಿತ್ತು. ಈ ಹೊತ್ತಿಗೆ ಗೋಡೆಗಳು ಎದ್ದಿರುತ್ತಿದ್ದವು, ಇಟ್ಟಿಗೆಯ ಗೋಡೆಗಳು. ಅವಳು ಹೇಳಲಿಲ್ಲ. ಮಣ್ಣುಗೋಡೆಗೆ ಬೆನ್ನು ಕೊಟ್ಟು ಒಲೆ ಊದುತ್ತ, ಅಪ್ಪನಿಗೆ ಕಾಲುನೋವು ಎಂದು ಹೇಳುತ್ತ, ಆ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದಳು. ಅವನು ಮೈದಾನದ ಕಡೆಗೆ ನಡೆದ. ಈಗಲೇ ಹೇಳಿಬಿಡಬೇಕು. ಅವಳು ಇಟ್ಟುಕೊಂಡಿದ್ದ ಮಾತನ್ನು ತಾನು ಆಡಿಬಿಡಬೇಕು, ಅವಳನ್ನು ಮಣ್ಣಿಗೆ ಕೊಡುವ ಮುಂಚೆ ಆಡಿಬಿಡಬೇಕು. ಉಳಿದವರಿಗಾದರೂ ಮನೆ ಏಳಲಿ. ಮೈದಾನದಲ್ಲಿ ಜೀಪು ನಿಂತಿತ್ತು. ಬೇವಿನ ನೆರಳಲ್ಲಿ ಬೀದಿಯ ಗಂಡಸರು ಮಡಿಯುಟ್ಟು ಕೂತಿದ್ದರು. ಮುನಿಗಂಗಮ್ಮ ಮತ್ತು ಲೈನಿನ ಕೆಲವು ಹೆಂಗಸರು ಮುನಿಯಪ್ಪನ ಕೋಪ ತಣಿಯಲೆಂದು ಒಂದು ಕೊಡ ಅರಿಶಿನದ ನೀರು ಹೊಯ್ದು ಹೋಗಲು ಬಂದಿದ್ದರು. ಟೋಪಿ ಕೈಯಲ್ಲಿ ಹಿಡಿದ ಆಫೀಸರು, ಚಿಕ್ಕ ವಯಸ್ಸಿನವನು, ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದ.

"ಇದು ದೇವರಲ್ಲ ಸಾರ್" ಎಂದ ಶ್ರೀರಾಮಪ್ಪ.

ಎಲ್ಲರೂ ತಿರುಗಿದರು.

"ಇದು ನಮ್ಮ ಹಿತ್ತಲ ಒಗೆಯೋ ಕಲ್ಲು. ನಾನೇ ತಂದು ನೆಟ್ಟೆ. ಅರಿಶಿನ ನಾನೇ ಬಳಿದೆ. ನೋಡಿ, ಇಲ್ಲಿ ಗುಳಿ ಇದೆ. ನನ್ನ ಮಗಳು ಮಾಡಿದ ಗುಳಿ."

"ಮಗಳೇ?" ಎಂದ ಆಫೀಸರು.

ಶ್ರೀನಿವಾಸಪ್ಪ ಎದ್ದು ಬಂದು ಶ್ರೀರಾಮಪ್ಪನ ತೋಳು ಹಿಡಿದ. "ಇವರಿಗೆ ಮಕ್ಕಳಿಲ್ಲ ಸಾರ್. ಬೀದಿಗೆಲ್ಲ ಗೊತ್ತು. ಪಾಪ, ಬೆಳಿಗ್ಗೆಯಿಂದ ಉಪವಾಸ."

"ಇದ್ದಳು! ಅಲ್ಲಿ ಮಲಗಿದ್ದಾಳೆ! ನಾನೇ ಇಲ್ಲ ಅಂದೆ!" ಎಂದು ಕೂಗಿ, ತೋಳು ಕೊಸರಿಕೊಂಡು, ಶ್ರೀರಾಮಪ್ಪ ಕಲ್ಲನ್ನು ಎರಡು ಕೈಯಲ್ಲೂ ತಬ್ಬಿ ಎಳೆದ. ಅದು ಅಲುಗಲಿಲ್ಲ. ಮಂಡಿಯೂರಿ ಎಳೆದ. ಅರಿಶಿನ ಅಂಗಿಗೂ ಗಲ್ಲಕ್ಕೂ ಮೆತ್ತಿಕೊಂಡಿತು. ಹಣೆಯ ನಾಮ ಕಲೆಸಿಹೋಯಿತು. ಬಾಯಿಂದ ಬರುತ್ತಿದ್ದುದು ಮಾತೋ ಕೂಗೋ ಅವನಿಗೇ ತಿಳಿಯಲಿಲ್ಲ. ಆಗ ಮುನಿಗಂಗಮ್ಮ ಕೊಡ ಕೆಳಗಿಟ್ಟು ಎರಡು ಕೈಯನ್ನೂ ಮೇಲೆತ್ತಿದಳು.

"ಬಂದವ್ನೆ! ಮುನಿಯಪ್ಪ ಮೈಮ್ಯಾಲೆ ಬಂದವ್ನೆ!"

ಹೆಂಗಸರು ಸುತ್ತ ಸೇರಿದರು. ಯಾರೋ ಬೇವಿನ ಸೊಪ್ಪು ಮುರಿದರು. "ಯಾಕಪ್ಪಾ ಇಷ್ಟು ಕೋಪ? ನಿನ್ನ ಮಗಳು ಅಂದ್ಯಲ್ಲ, ನಾವೆಲ್ಲ ನಿನ್ನ ಮಕ್ಳೇ ಅಲ್ವಾ? ಒಬ್ಬಳ್ನ ತಕೊಂಡ್ಯಲ್ಲ, ಸಾಕಪ್ಪಾ. ಕೋಳಿ ಕೊಡ್ತೀವಿ, ತಣ್ಣಗಾಗು ನಮ್ಮಪ್ಪ" ಎಂದು ಮುನಿಗಂಗಮ್ಮ ಕೊಡದ ನೀರನ್ನು ಅವನ ತಲೆಯ ಮೇಲೆ ಸುರಿದಳು. ನಾನು ಮನುಷ್ಯ, ನಾನು ಸುಳ್ಳ ಎಂದು ಅವನು ಕೂಗಿದಷ್ಟೂ ಅವರು ಗೋವಿಂದ ಎಂದರು. ಕೊನೆಗೆ ಅವನ ದನಿ ಹೋಯಿತು. ಸೀರೆ ಮಾತ್ರ ನೆನೆಯದಂತೆ ಹೊಟ್ಟೆಯ ಕೆಳಗಿಟ್ಟುಕೊಂಡು, ಕಲ್ಲಿಗೆ ತಲೆ ಕೊಟ್ಟು ಕೂತ.

"ಬೇಡ ಬಿಡಿ" ಎನ್ನುತ್ತಿದ್ದ ಆಫೀಸರು, ಮುಖ ಬಾಡಿ. "ಜನರ ನಂಬಿಕೆ. ಇಲ್ಲಿ ಬಲವಂತ ಮಾಡೋದು ಆಗಲ್ಲ ಅಂತ ಮೇಲಕ್ಕೆ ಹೇಳ್ತೀನಿ." ಜೀಪು ದೂಳೆಬ್ಬಿಸಿ ತಿರುಗಿಕೊಂಡು ಹೋಯಿತು.

ಶ್ರೀನಿವಾಸಪ್ಪ ಬಗ್ಗಿ, ಅವನನ್ನು ಎಬ್ಬಿಸುವ ನೆಪದಲ್ಲಿ ಕಿವಿಯ ಹತ್ತಿರ ಬಾಯಿ ತಂದ. "ನನ್ನ ಪ್ರಾಣವೇ ಹೋಗಿತ್ತು ಮಾರಾಯ್ರೆ. ಆದ್ರೆ ಗೆದ್ರಿ. ನಮಗೂ ಮುಂಚೆ ಹೇಳದೆ ಮಾಡಿದ್ರಲ್ಲ, ಅದೇ ಚೆನ್ನಾಗಾಯ್ತು. ಮಗಳು ಅಂದ್ರಲ್ಲ, ಅದು ಎಲ್ಲಿಂದ ಹೊಳೀತು ನಿಮಗೆ?"

ಶ್ರೀರಾಮಪ್ಪ ಅವನ ಮುಖವನ್ನು ನೋಡಿದ. ಆ ಮುಖದಲ್ಲಿ ಕೆಟ್ಟತನವಿರಲಿಲ್ಲ. ಬಾವಿ ಉಳಿದ ಸಮಾಧಾನವಿತ್ತು, ಗೆಳೆಯನ ಮೇಲೆ ಮೆಚ್ಚುಗೆಯಿತ್ತು. ತನ್ನ ಮುಖವೂ ಇಷ್ಟು ದಿನ ಹೀಗೆಯೇ ಇದ್ದಿರಬೇಕು. ಸೀರೆಯನ್ನು ಎದೆಗವಚಿಕೊಂಡು ಎದ್ದ. ಹೆಂಗಸರು ದಾರಿ ಬಿಟ್ಟರು, ಕೆಲವರು ಅವನ ಹೆಜ್ಜೆಯ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮಧ್ಯಾಹ್ನದ ರೈಲು ಬಂದು ಹೋಗಿತ್ತು. ಬಂಗಾರಪೇಟೆಯಿಂದ ಯಾರೂ ಇಳಿದಿರಲಿಲ್ಲ. ಒದ್ದೆ ಬಟ್ಟೆಯಲ್ಲಿ, ಮೈಯೆಲ್ಲ ಅರಿಶಿನವಾಗಿ, ಸೀರೆ ಹಿಡಿದು ಬರುವ ಶ್ರೀರಾಮಪ್ಪನನ್ನು ಕಂಡು ಲೈನು ಎದ್ದು ನಿಂತಿತು. "ತವರು ಬರ್ಲಿಲ್ಲ, ಮುನಿಯಪ್ಪನೇ ಸೀರೆ ಕೊಟ್ಟು ಕಳಿಸವ್ನೆ" ಎಂದು ಯಾರೋ ಅಂದರು, ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಕನಕಮ್ಮ ಪುಣ್ಯವಂತೆ ಎಂದರು. ಅವನು ಬಾಯಿ ತೆರೆದ. ಬಂದದ್ದು ಗಾಳಿ ಮಾತ್ರ. ಕುಪ್ಪುಸ್ವಾಮಿ ಬಂದು ಅವನ ಕೈಯಿಂದ ಸೀರೆ ತೆಗೆದುಕೊಂಡು ಹೆಂಗಸರಿಗೆ ಕೊಟ್ಟ. ಅವರು ಅಡ್ಡ ಬಟ್ಟೆ ಹಿಡಿದು ಅವಳಿಗೆ ಉಡಿಸಿದರು. ಕೂದಲಿನ ಮಣ್ಣು ತೆಗೆದು, ಬಾಚಿ, ಹೂ ಮುಡಿಸಿದರು. ಹಸಿರು ಅವಳಿಗೆ ಒಪ್ಪುತ್ತಿತ್ತು. ಅಕ್ಕನಿಗೆ ಅದು ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಚಿನ್ನ ತೆಗೆದುಳಿದ ಅದಿರಿನ ಪುಡಿ ಗುಡ್ಡೆಬಿದ್ದ ಸೈನೈಡ್ ದಿಬ್ಬದ ಹಿಂದಿನ ಮಸಣದಲ್ಲಿ ಗುಂಡಿ ತೋಡಿದ್ದರು. ಗಣಿಯವರು ತೋಡಿದ ಗುಂಡಿ, ನಾಲ್ಕು ಕಡೆಯೂ ಕೊರೆದಿಟ್ಟ ಹಾಗೆ ನೇರವಾಗಿತ್ತು. ಅವಳನ್ನು ಇಳಿಸಿದ ಮೇಲೆ ಎಲ್ಲರೂ ಹಿಂದೆ ಸರಿದು, ಮಣ್ಣು ಹಾಕಬೇಕಾದ ಹತ್ತಿರದವರಿಗೆ ಜಾಗ ಬಿಟ್ಟರು. ಆರುಮುಗಂ ಹಿಡಿ ಮಣ್ಣು ತೆಗೆದುಕೊಂಡವನು ಹಾಕಲಿಲ್ಲ. ಸುತ್ತಿ ಬಂದು ಶ್ರೀರಾಮಪ್ಪನ ಮುಂದೆ ನಿಂತ. ಕಣ್ಣಿನ ಸುತ್ತ ಗಣಿಯ ಕೆಸರು ಹೆಪ್ಪುಗಟ್ಟಿತ್ತು.

"ಮಾಮಾ" ಎಂದ, ಇನ್ನಾರಿಗೂ ಕೇಳದ ದನಿಯಲ್ಲಿ. "ಮೊದ್ಲು ನೀವು ಮಣ್ಣಾಕಿ. ಅವ್ಳು ಅದನ್ನೇ ಕೇಳ್ತಿದ್ಲು."

"ಏನು ಕೇಳ್ತಿದ್ಲು?"

"ನಾನು ಮೊದ್ಲು ಓಗ್ಬಿಟ್ರೆ, ಅಪ್ಪ ಬತ್ತಾರಾ ಅಂತ. ನಾನು ಬತ್ತಾರೆ ಅಂತಿದ್ದೆ. ಸುಮ್ಕೆ ಅಂತಿದ್ದೆ ಮಾಮಾ, ನಂಗೆ ನಂಬ್ಕೆ ಇರ್ಲಿಲ್ಲ."

ಆರುಮುಗಂ ತನ್ನ ಹಿಡಿಯ ಮಣ್ಣನ್ನು ಅವನ ಅಂಗೈಗೆ ಸುರಿದ. ಶ್ರೀರಾಮಪ್ಪ ಗುಂಡಿಯ ಅಂಚಿಗೆ ಬಂದು ಬಗ್ಗಿದ. ಎಷ್ಟೋ ವರ್ಷ ದಿನಾ ಹೇಳಿಕೊಂಡು ಬಂದ ನಾಮಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹಿಂದೆ ಜನ ತಲೆ ತಗ್ಗಿಸಿ ನಿಂತಿದ್ದರು, ಮೈಮೇಲೆ ದೇವರು ಬಂದವನು ಏನು ಹೇಳುತ್ತಾನೋ ಎಂದು. ಕೆಳಗೆ ಹಸಿರು ಸೀರೆಯ ಮಡಿಕೆಗಳು ಕಂಡವು. ಮಣ್ಣನ್ನು ಎಸೆಯಲು ಆಗಲಿಲ್ಲ. ಅಂಗೈಯನ್ನು ಮೆಲ್ಲಗೆ ಓರೆ ಮಾಡಿದ, ಅದು ತಾನಾಗಿ ಜಾರಿತು. ಅವನ ತುಟಿ ಅಲುಗಿದವು. ಹತ್ತಿರವಿದ್ದ ಆರುಮುಗಂಗೂ ಕೇಳಿಸದಷ್ಟು ಸಣ್ಣಗೆ, ಹೋದ ದನಿಯಲ್ಲಿ, ಶ್ರೀರಾಮಪ್ಪ ಬೇಡಿಕೊಂಡ:

ತಂದೆ, ನನ್ನ ಬಾಯಿಂದ ಬಂದದ್ದೆಂದು ಇದನ್ನು ತಳ್ಳಬೇಡ. ನನಗಾಗಿ ಏನೂ ಬೇಡುತ್ತಿಲ್ಲ. ಈ ಮಗು ನಿನ್ನ ಕಡೆ ಬರುತ್ತಿದ್ದಾಳೆ. ಯಾರನ್ನೂ ದೂರಿದವಳಲ್ಲ. ಅವಳಿಗೆ ಶಾಂತಿ ಕೊಡು. ಅವಳು ಬಂದು ನಿಂತು ಜಾಗ ಕೇಳಿದಾಗ, ಮೊದಲೇ ಬಂದು ಮನೆ ಮಾಡಿಕೊಂಡವರು ಯಾರೂ ಬೇಡವೆನ್ನದಿರಲಿ.